ಕಡತ ಇದೆ, ಕೀಲಿಕೈ ಇಲ್ಲ: ಕಚೇರಿ ಜಾಲದ ಗೂಢಲಿಪಿ ಕಡತಗಳು ಕೈತಪ್ಪುವುದೇಕೆ?

ಕಚೇರಿಯ ಸರ್ವರ್‌ನಲ್ಲಿರುವ ಕಡತ ಕಣ್ಣಿಗೆ ಕಾಣುತ್ತಿದೆ. ಅದರ ಹೆಸರಿದೆ, ಗಾತ್ರವಿದೆ, ಕೊನೆಯ ಬಾರಿ ತಿದ್ದಿದ ದಿನಾಂಕವೂ ಇದೆ. ತೆರೆಯಲು ಹೋದರೆ ಮಾತ್ರ ‘ಪ್ರವೇಶ ನಿರಾಕರಿಸಲಾಗಿದೆ’ ಎಂಬ ಸಂದೇಶ ಪರದೆಯ ಮೇಲೆ ಮೂಡುತ್ತದೆ. ಕಂಪ್ಯೂಟರ್ ಜಾಲದ ನಿರ್ವಾಹಕರನ್ನು ಕರೆಸಿದರೆ ಅವರಿಗೂ ಅದೇ ಸಂದೇಶ. ನಿನ್ನೆಯವರೆಗೆ ತೆರೆಯುತ್ತಿದ್ದ ಸಂಬಳದ ಪಟ್ಟಿ, ಗ್ರಾಹಕರ ಲೆಕ್ಕ, ತೆರಿಗೆ ವಿವರ ಇಂದು ಇದ್ದೂ ಇಲ್ಲದಂತಾಗಿವೆ.

ಇಂಥ ಪ್ರಕರಣಗಳಲ್ಲಿ ಕಡತ ಸಾಮಾನ್ಯವಾಗಿ ಕೆಟ್ಟಿರುವುದಿಲ್ಲ, ಕಳವಾಗಿರುವುದೂ ಇಲ್ಲ. ಕಳೆದುಹೋಗಿರುವುದು ಅದನ್ನು ಬಿಡಿಸುವ ಕೀಲಿಕೈ. ಅನೇಕ ಸಂದರ್ಭಗಳಲ್ಲಿ ಆ ಕೀಲಿಕೈಯೂ ಎಲ್ಲೋ ಒಂದು ಕಡೆ ಉಳಿದಿರುತ್ತದೆ. ಆದರೆ ಗಾಬರಿಯಲ್ಲಿ ಕೈಗೊಂಡ ‘ದುರಸ್ತಿ’ಯೇ ಅದನ್ನು ಶಾಶ್ವತವಾಗಿ ಅಳಿಸಿಹಾಕುತ್ತದೆ. ಆದ್ದರಿಂದ ಈ ವ್ಯವಸ್ಥೆ ಹೇಗೆ ಕೆಲಸ ಮಾಡುತ್ತದೆ, ಕೀಲಿಕೈ ಎಲ್ಲಿರುತ್ತದೆ, ಅದು ಹೇಗೆ ತಪ್ಪಿಹೋಗುತ್ತದೆ ಎಂಬುದನ್ನು ತಿಳಿದಿರುವುದು ಒಳ್ಳೆಯದು.

ಏನಿದು ಇಎಫ್‌ಎಸ್?

ಕಡತದಲ್ಲಿರುವ ಮಾಹಿತಿಯನ್ನು ಗಣಿತ ಸೂತ್ರಗಳ ಮೂಲಕ ಅನ್ಯರಿಗೆ ಅರ್ಥವಾಗದ ರೂಪಕ್ಕೆ ಬದಲಿಸುವುದೇ ಎನ್‌ಕ್ರಿಪ್ಶನ್ ಅಥವಾ ಗೂಢಲಿಪೀಕರಣ. ಮೈಕ್ರೋಸಾಫ್ಟ್ ಸಂಸ್ಥೆ 2000ನೇ ಇಸವಿಯಲ್ಲಿ ವಿಂಡೋಸ್ 2000 ಕಾರ್ಯಾಚರಣಾ ವ್ಯವಸ್ಥೆಯನ್ನು ಬಿಡುಗಡೆ ಮಾಡಿದಾಗ ಈ ಸೌಲಭ್ಯವನ್ನು ಅದರಲ್ಲಿಯೇ ಅಳವಡಿಸಿತು. ಎನ್‌ಕ್ರಿಪ್ಟಿಂಗ್ ಫೈಲ್ ಸಿಸ್ಟಮ್ ಎಂಬುದು ಇದರ ಪೂರ್ಣ ಹೆಸರು. ಇಎಫ್‌ಎಸ್ ಎಂಬುದು ಸಂಕ್ಷಿಪ್ತ ರೂಪ. ಎನ್‌ಟಿಎಫ್‌ಎಸ್ ಎಂಬ ಕಡತ ವ್ಯವಸ್ಥೆಯಿರುವ ಡಿಸ್ಕ್‌ಗಳಲ್ಲಿ ಇದು ಕೆಲಸ ಮಾಡುತ್ತದೆ. ವಿಂಡೋಸ್ 11ರ ಪ್ರೊ, ಎಂಟರ್‌ಪ್ರೈಸ್ ಆವೃತ್ತಿಗಳಲ್ಲಿಯೂ ಈ ಸೌಲಭ್ಯ ಮುಂದುವರಿದಿದೆ. ಮನೆ ಬಳಕೆಯ ಹೋಮ್ ಆವೃತ್ತಿಯಲ್ಲಿ ಇಲ್ಲ.

ಇದನ್ನು ಬಳಸುವುದು ಬಹಳ ಸುಲಭ. ಕಡತ ಅಥವಾ ಫೋಲ್ಡರಿನ ಮೇಲೆ ಮೌಸ್‌ನ ಬಲಗುಂಡಿ ಒತ್ತಿ, ಗುಣಲಕ್ಷಣಗಳ ಪುಟದಲ್ಲಿ ಒಂದು ಚೌಕಕ್ಕೆ ಗುರುತು ಹಾಕಿದರೆ ಮುಗಿಯಿತು. ಪ್ರತ್ಯೇಕ ಪಾಸ್‌ವರ್ಡ್ ಕೇಳುವುದಿಲ್ಲ. ಬೀಗ ಹಾಕಿದವರು ತಮ್ಮ ಖಾತೆಯ ಮೂಲಕ ಲಾಗಿನ್ ಆಗಿರುವವರೆಗೆ ಕಡತ ಎಂದಿನಂತೆ ತೆರೆಯುತ್ತದೆ, ಎಂದಿನಂತೆ ಉಳಿಯುತ್ತದೆ. ವಿಂಡೋಸ್ ಎಕ್ಸ್‌ಪಿಯಲ್ಲಿ ಇಂಥ ಕಡತಗಳ ಹೆಸರು ಹಸಿರು ಬಣ್ಣದಲ್ಲಿ ಕಾಣುತ್ತಿತ್ತು. ವಿಂಡೋಸ್ 10ರಿಂದ ಈಚೆಗೆ ಕಡತದ ಚಿಹ್ನೆಯ ಮೇಲೆ ಪುಟ್ಟ ಬೀಗದ ಗುರುತು ಕಾಣುತ್ತದೆ.

ಈ ಸುಲಭತೆಯೇ ತೊಂದರೆಯ ಮೂಲವೂ ಹೌದು. ಬೀಗ ಹಾಕಿದವರಿಗೆ ಕೀಲಿಕೈಯೊಂದು ಇದೆ ಎಂಬ ಅರಿವೇ ಇರುವುದಿಲ್ಲ. ಅರಿವಿಲ್ಲದ ವಸ್ತುವನ್ನು ಜೋಪಾನ ಮಾಡುವವರು ಯಾರು? ಅಲ್ಲದೆ ಒಮ್ಮೆ ಫೋಲ್ಡರಿಗೆ ಈ ಗುರುತು ಬಿದ್ದರೆ, ಅನಂತರ ಅದರೊಳಗೆ ಹೊಸದಾಗಿ ಸೃಷ್ಟಿಯಾಗುವ ಪ್ರತಿಯೊಂದು ಕಡತಕ್ಕೂ ತಾನಾಗಿಯೇ ಬೀಗ ಬೀಳುತ್ತದೆ. ಅದೂ ಅದನ್ನು ಸೃಷ್ಟಿಸಿದವರ ಕೀಲಿಕೈಯಿಂದ! ಹೀಗಾಗಿ ಒಂದೇ ಫೋಲ್ಡರಿನಲ್ಲಿ ಒಬ್ಬರ ಕಡತ ಇನ್ನೊಬ್ಬರಿಗೆ ತೆರೆಯದ ಸ್ಥಿತಿ ಉಂಟಾಗುತ್ತದೆ.

ಅನುಮತಿ ಬೇರೆ, ಕೀಲಿಕೈ ಬೇರೆ

‘ನಿರ್ವಾಹಕರಿಗೆ ಎಲ್ಲ ಅಧಿಕಾರವೂ ಇರುತ್ತದೆಯಲ್ಲ, ಅವರೇಕೆ ತೆರೆಯಲಾರರು?’ ಎಂಬುದು ಕಚೇರಿಗಳಲ್ಲಿ ಮೊದಲು ಕೇಳಿಬರುವ ಪ್ರಶ್ನೆ. ಇದಕ್ಕೆ ಉತ್ತರ ಕಂಡುಕೊಳ್ಳಬೇಕಾದರೆ ಎರಡು ಬಗೆಯ ಕಾವಲಿನ ನಡುವಿನ ವ್ಯತ್ಯಾಸವನ್ನು ಗಮನಿಸಬೇಕು.

ಮೊದಲನೆಯದು ಅನುಮತಿ. ಯಾವ ಫೋಲ್ಡರನ್ನು ಯಾರು ನೋಡಬಹುದು, ಯಾರು ತಿದ್ದಬಹುದು ಎಂಬ ಪಟ್ಟಿಯನ್ನು ಸರ್ವರ್ ಇಟ್ಟುಕೊಂಡಿರುತ್ತದೆ. ಇದು ಬಾಗಿಲಲ್ಲಿ ನಿಂತ ಕಾವಲುಗಾರನಂತೆ. ಮೇಲಧಿಕಾರಿ ಹೇಳಿದರೆ ಆತ ದಾರಿ ಬಿಡುತ್ತಾನೆ. ನಿರ್ವಾಹಕರು ಕಡತದ ಒಡೆತನವನ್ನೇ ತಮ್ಮ ಹೆಸರಿಗೆ ಮಾಡಿಕೊಂಡು ಈ ಪಟ್ಟಿಯನ್ನು ಬದಲಿಸಬಲ್ಲರು.

ಎರಡನೆಯದು ಗೂಢಲಿಪಿ. ಇಲ್ಲಿ ಕಾವಲುಗಾರನಿಲ್ಲ, ಇರುವುದು ತಿಜೋರಿ. ತಿಜೋರಿ ಇರುವ ಕೋಣೆಗೆ ನಿರ್ವಾಹಕರು ಹೋಗಬಹುದು, ತಿಜೋರಿಯನ್ನೇ ಎತ್ತಿ ಬೇರೆಡೆ ಇಡಬಹುದು, ನಾಶವನ್ನೂ ಮಾಡಬಹುದು. ಕೀಲಿಕೈ ಇಲ್ಲದೆ ಒಳಗಿರುವುದನ್ನು ಓದಲಾರರು. ಡಿಸ್ಕ್ ಕಳವಾದರೂ ಮಾಹಿತಿ ಸೋರಿಕೆಯಾಗಬಾರದು ಎಂಬುದೇ ಈ ವ್ಯವಸ್ಥೆಯ ಉದ್ದೇಶ. ಕಳ್ಳನಿಗೆ ತೆರೆಯದ ಬೀಗ, ಕೀಲಿಕೈ ಕಳೆದುಕೊಂಡ ಮಾಲೀಕನಿಗೂ ತೆರೆಯದು.

ಕೀಲಿಕೈ ಇರುವುದೆಲ್ಲಿ?

ಇಎಫ್‌ಎಸ್‌ನಲ್ಲಿ ಒಂದೇ ಕೀಲಿಕೈ ಇರುವುದಿಲ್ಲ, ಒಂದರೊಳಗೊಂದು ಅಡಗಿರುವ ಸರಪಳಿಯೇ ಇರುತ್ತದೆ.

ಪ್ರತಿಯೊಂದು ಕಡತಕ್ಕೂ ವಿಂಡೋಸ್ ಒಂದು ಹೊಸ ಕೀಲಿಕೈಯನ್ನು ಸೃಷ್ಟಿಸಿ, ಅದರಿಂದ ಕಡತವನ್ನು ಗೂಢಲಿಪಿಗೆ ಬದಲಿಸುತ್ತದೆ. ವಿಂಡೋಸ್ 2000ದಲ್ಲಿ ಇದಕ್ಕಾಗಿ ಡಿಇಎಸ್‌ಎಕ್ಸ್ ಎಂಬ ವಿಧಾನ ಬಳಕೆಯಲ್ಲಿತ್ತು. ಎಕ್ಸ್‌ಪಿಯ ಮೊದಲ ಸರ್ವಿಸ್ ಪ್ಯಾಕ್‌ನಿಂದ ಈಚೆಗೆ 256 ಬಿಟ್‌ಗಳ ಎಇಎಸ್ ವಿಧಾನ ರೂಢಿಗೆ ಬಂದಿದೆ.

ಹೀಗೆ ಸೃಷ್ಟಿಯಾದ ಕಡತದ ಕೀಲಿಕೈಯನ್ನು ಬಳಕೆದಾರರ ‘ಸಾರ್ವಜನಿಕ ಕೀಲಿಕೈ’ಯಿಂದ ಮತ್ತೊಮ್ಮೆ ಬೀಗ ಹಾಕಿ, ಕಡತದ ಜೊತೆಯಲ್ಲಿಯೇ ಲಕೋಟೆಯಲ್ಲಿಟ್ಟಂತೆ ಇಡಲಾಗುತ್ತದೆ. ಆ ಲಕೋಟೆಯನ್ನು ಬಿಡಿಸಲು ಬೇಕಾಗುವುದು ಅದೇ ಬಳಕೆದಾರರ ‘ಖಾಸಗಿ ಕೀಲಿಕೈ’. ಇದು ಕಡತದ ಜೊತೆ ಇರುವುದಿಲ್ಲ. ಬಳಕೆದಾರರ ಪ್ರೊಫೈಲ್ ಎಂಬ ಫೋಲ್ಡರಿನಲ್ಲಿ, ಮಾಸ್ಟರ್ ಕೀ ಎಂಬ ಇನ್ನೊಂದು ಕೀಲಿಕೈಯ ರಕ್ಷಣೆಯಲ್ಲಿರುತ್ತದೆ. ಆ ಮಾಸ್ಟರ್ ಕೀಗೆ ಆಧಾರ ಬಳಕೆದಾರರ ಲಾಗಿನ್ ಪಾಸ್‌ವರ್ಡ್.

ಪಾಸ್‌ವರ್ಡ್, ಮಾಸ್ಟರ್ ಕೀ, ಖಾಸಗಿ ಕೀಲಿಕೈ, ಕಡತದ ಕೀಲಿಕೈ ಇವು ಸರಪಳಿಯ ನಾಲ್ಕು ಕೊಂಡಿಗಳು. ಒಂದು ಕೊಂಡಿ ಕಳಚಿದರೂ ಕಡತ ತೆರೆಯುವುದಿಲ್ಲ.

ಜಾಲದ ಡ್ರೈವ್‌ನ ವಿಶೇಷ

ತಮ್ಮ ಮೇಜಿನ ಮೇಲಿನ ಕಂಪ್ಯೂಟರ್‌ನಲ್ಲಿ ಕುಳಿತು, ಜಾಲದ ಡ್ರೈವ್‌ನಲ್ಲಿರುವ ಕಡತಕ್ಕೆ ಬೀಗ ಹಾಕಿದವರು ಕೀಲಿಕೈ ತಮ್ಮ ಕಂಪ್ಯೂಟರ್‌ನಲ್ಲಿಯೇ ಇದೆ ಎಂದು ಭಾವಿಸುವುದು ಸಹಜ. ವಾಸ್ತವ ಹಾಗಿಲ್ಲ. ವಿಂಡೋಸ್ ಸರ್ವರ್ ಜಾಲಗಳ ಸಾಮಾನ್ಯ ಏರ್ಪಾಡಿನಲ್ಲಿ ಬೀಗ ಹಾಕುವ ಮತ್ತು ತೆಗೆಯುವ ಕೆಲಸ ನಡೆಯುವುದು ಸರ್ವರ್‌ನಲ್ಲಿ.

ಬಳಕೆದಾರರ ಪರವಾಗಿ ಈ ಕೆಲಸ ಮಾಡಲು ಸರ್ವರ್‌ಗೆ ಡೊಮೇನ್‌ನಿಂದ ವಿಶೇಷ ಅಧಿಕಾರ ಬೇಕು. ಡೊಮೇನ್ ಎಂದರೆ ಕಚೇರಿಯ ಎಲ್ಲ ಖಾತೆ ಹಾಗೂ ಕಂಪ್ಯೂಟರ್‌ಗಳನ್ನು ಒಂದೇ ಕಡೆಯಿಂದ ನಿರ್ವಹಿಸುವ ವ್ಯವಸ್ಥೆ. ಬಳಕೆದಾರರು ಬದಲಿಯಾಗಿ ಕೆಲಸ ಮಾಡಲು ಸರ್ವರ್‌ಗೆ ನೀಡುವ ಈ ಅಧಿಕಾರಕ್ಕೆ ಡೆಲಿಗೇಶನ್ ಎನ್ನುತ್ತಾರೆ. ಅಧಿಕಾರ ಪಡೆದ ಸರ್ವರ್, ಆ ಬಳಕೆದಾರರ ಹೆಸರಿನಲ್ಲಿ ತನ್ನಲ್ಲೇ ಒಂದು ಪ್ರೊಫೈಲ್ ತೆರೆದು, ಕೀಲಿಕೈಯನ್ನು ಅಲ್ಲಿ ಇರಿಸಿಕೊಳ್ಳುತ್ತದೆ. ಬಳಕೆದಾರರಿಗೆ ಎಲ್ಲ ಕಂಪ್ಯೂಟರ್‌ಗಳಲ್ಲಿಯೂ ಹಿಂಬಾಲಿಸುವ ರೋಮಿಂಗ್ ಪ್ರೊಫೈಲ್ ಇದ್ದರೆ ಸರ್ವರ್ ಅದನ್ನೇ ಬಳಸಿಕೊಳ್ಳುತ್ತದೆ.

ಇದರ ಪರಿಣಾಮಗಳು ಮೂರು. ಒಂದು, ಸರ್ವರ್ ಕೆಟ್ಟರೆ ಅಥವಾ ಬದಲಾದರೆ ಕಡತದ ಜೊತೆಯಲ್ಲಿಯೇ ಕೀಲಿಕೈಯೂ ಹೋಗುತ್ತದೆ. ಎರಡು, ಎರಡು ಸರ್ವರ್‌ಗಳಲ್ಲಿ ಬೀಗ ಹಾಕಿದ ಒಬ್ಬರೇ ನೌಕರರಿಗೆ ಎರಡು ಬೇರೆ ಬೇರೆ ಕೀಲಿಕೈಗಳಿರಬಹುದು, ಒಂದರಿಂದ ಇನ್ನೊಂದು ತೆರೆಯದು. ಮೂರು, ಸರ್ವರ್‌ನಲ್ಲಿ ಬಿಡಿಸಿದ ಮಾಹಿತಿ ಕೇಬಲ್ ಮೂಲಕ ಮೇಜಿನ ಕಂಪ್ಯೂಟರ್‌ಗೆ ಹರಿಯುವಾಗ ಇಎಫ್‌ಎಸ್‌ನ ರಕ್ಷಣೆ ಇರುವುದಿಲ್ಲ. ಜಾಲದ ಹರಿವಿಗೆ ಬೇರೆಯೇ ರಕ್ಷಣೆ ಬೇಕು. 2012ರ ವಿಂಡೋಸ್ ಸರ್ವರ್‌ನೊಂದಿಗೆ ಬಂದ ಎಸ್‌ಎಂಬಿ 3.0 ನಿಯಮಾವಳಿಯಲ್ಲಿ ಅಂಥ ಅವಕಾಶ ಕಲ್ಪಿಸಲಾಗಿದೆ.

ಕಡತ ಕೈತಪ್ಪುವ ಸಂದರ್ಭಗಳು

ಪಾಸ್‌ವರ್ಡ್ ಮರುಹೊಂದಿಕೆ: ಬಳಕೆದಾರರೇ ಹಳೆಯ ಪಾಸ್‌ವರ್ಡ್ ನೀಡಿ ಹೊಸದನ್ನು ಇಟ್ಟುಕೊಂಡರೆ ಯಾವ ತೊಂದರೆಯೂ ಇಲ್ಲ, ವಿಂಡೋಸ್ ಸರಪಳಿಯನ್ನು ಹೊಸ ಪಾಸ್‌ವರ್ಡ್‌ಗೆ ಹೊಂದಿಸಿಕೊಳ್ಳುತ್ತದೆ. ಆದರೆ ಡೊಮೇನ್‌ಗೆ ಸೇರದ ಕಂಪ್ಯೂಟರ್‌ನಲ್ಲಿ, ಮರೆತ ಪಾಸ್‌ವರ್ಡ್‌ಗೆ ಬದಲಾಗಿ ನಿರ್ವಾಹಕರು ಹೊಸದನ್ನು ಬಲವಂತವಾಗಿ ಹೊಂದಿಸಿದರೆ ಸರಪಳಿ ಕಡಿಯುತ್ತದೆ. ಹಳೆಯ ಪಾಸ್‌ವರ್ಡ್ ನೆನಪಾದರೆ, ಅದನ್ನೇ ಮತ್ತೆ ಹೊಂದಿಸಿ ಪ್ರವೇಶ ಪಡೆಯಲು ಸಾಧ್ಯವಿದೆ. ಡೊಮೇನ್ ಖಾತೆಗಳಲ್ಲಿ ಪರಿಸ್ಥಿತಿ ಇಷ್ಟು ಕಠಿಣವಲ್ಲ. ಮಾಸ್ಟರ್ ಕೀಯನ್ನು ಮರಳಿ ಪಡೆಯಲು ಬೇಕಾದ ಹೆಚ್ಚುವರಿ ಕೀಲಿಕೈ ಡೊಮೇನ್ ಕಂಟ್ರೋಲರ್ ಎಂಬ ಮುಖ್ಯ ಸರ್ವರ್‌ನಲ್ಲಿರುತ್ತದೆ. ಆದರೆ ಡೊಮೇನನ್ನೇ ಅಳಿಸಿ ಹೊಸದಾಗಿ ಕಟ್ಟಿದರೆ ಆ ಆಸರೆಯೂ ಇಲ್ಲ.

ನೌಕರರ ನಿರ್ಗಮನ: ಲೆಕ್ಕಪತ್ರ ವಿಭಾಗದ ನೌಕರರೊಬ್ಬರು ಕೆಲಸ ಬಿಟ್ಟರು ಎಂದಿಟ್ಟುಕೊಳ್ಳೋಣ. ಅವರ ಖಾತೆಯನ್ನು ಅಂದೇ ಅಳಿಸಲಾಗುತ್ತದೆ. ಅವರು ಬೀಗ ಹಾಕಿದ ಕಡತಗಳ ನೆನಪಾಗುವುದು ಲೆಕ್ಕಪರಿಶೋಧನೆಯ ವೇಳೆ. ಆಗ ಅದೇ ಹೆಸರಿನ ಖಾತೆಯನ್ನು ಮತ್ತೆ ಸೃಷ್ಟಿಸಿದರೂ ಪ್ರಯೋಜನವಿಲ್ಲ. ವಿಂಡೋಸ್ ಖಾತೆಯನ್ನು ಹೆಸರಿನಿಂದ ಗುರುತಿಸುವುದಿಲ್ಲ, ಎಸ್‌ಐಡಿ ಎಂಬ ಗುರುತು ಸಂಖ್ಯೆಯಿಂದ ಗುರುತಿಸುತ್ತದೆ. ಹೊಸ ಖಾತೆಗೆ ಬರುವುದು ಹೊಸ ಸಂಖ್ಯೆ.

ಪ್ರೊಫೈಲ್ ಸ್ವಚ್ಛತೆ: ಸರ್ವರ್‌ನಲ್ಲಿ ಜಾಗ ಕಡಿಮೆಯಾದಾಗ ‘ಈ ನೌಕರರು ಎಂದೂ ಈ ಸರ್ವರ್ ಮುಂದೆ ಕುಳಿತವರಲ್ಲ, ಇವರ ಪ್ರೊಫೈಲ್ ಇಲ್ಲೇಕೆ?’ ಎಂದು ಅಳಿಸುವುದುಂಟು. ಕಸವೆಂದು ಗುಡಿಸಿದ್ದರಲ್ಲಿಯೇ ಕೀಲಿಕೈ ಇತ್ತು ಎಂಬುದು ಮರುದಿನ ತಿಳಿಯುತ್ತದೆ.

ಸರ್ವರ್ ಬದಲಾವಣೆ: ಹಳೆಯ ವ್ಯವಸ್ಥೆಗಳಿಗೆ ತಯಾರಕರ ಬೆಂಬಲ ಮುಗಿದಾಗ ಕಚೇರಿಗಳು ಹೊಸ ಸರ್ವರ್‌ಗೆ ಸಾಗುತ್ತವೆ. ವಿಂಡೋಸ್ ಸರ್ವರ್ 2003ರ ಬೆಂಬಲ 2015ರ ಜುಲೈ 14ರಂದು, ಸರ್ವರ್ 2012ರ ಬೆಂಬಲ 2023ರ ಅಕ್ಟೋಬರ್ 10ರಂದು, ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಕೊನೆಗೊಂಡಿತು. ಇಂಥ ಪ್ರತಿಯೊಂದು ಸ್ಥಳಾಂತರವೂ ಕಡತಗಳನ್ನು ಒಯ್ದು ಕೀಲಿಕೈಯನ್ನು ಹಳೆಯ ಡಿಸ್ಕ್‌ನಲ್ಲಿಯೇ ಬಿಟ್ಟುಬರುವ ಅಪಾಯವನ್ನು ಹೊತ್ತಿರುತ್ತದೆ. ಹಳೆಯ ಡಿಸ್ಕ್ ಗುಜರಿಗೆ ಹೋದ ಮೇಲೆ ಹುಡುಕಲು ಏನೂ ಉಳಿಯುವುದಿಲ್ಲ.

ಡೆಲಿಗೇಶನ್ ರದ್ದು: ಭದ್ರತಾ ತಪಾಸಣೆಯ ಬಳಿಕ ಸರ್ವರ್‌ಗೆ ಕೊಟ್ಟಿದ್ದ ವಿಶೇಷ ಅಧಿಕಾರವನ್ನು ಹಿಂತೆಗೆದುಕೊಂಡರೆ, ಜಾಲದ ಮೂಲಕ ಕಡತಗಳು ತೆರೆಯುವುದು ನಿಲ್ಲುತ್ತದೆ. ಇಲ್ಲಿ ಕೀಲಿಕೈ ಸುರಕ್ಷಿತವಾಗಿಯೇ ಇರುತ್ತದೆ. ಅಧಿಕಾರ ಮರಳಿ ಕೊಟ್ಟರೆ ಸಮಸ್ಯೆ ಬಗೆಹರಿಯುತ್ತದೆ. ಎಲ್ಲ ಕಾರಣಗಳ ಪೈಕಿ ಸುಲಭ ಪರಿಹಾರವಿರುವುದು ಇದಕ್ಕೆ. ಆದರೆ ಇದನ್ನು ಅರಿಯದೆ ಪ್ರೊಫೈಲ್ ಅಳಿಸಿ ನೋಡಿದರೆ ಸುಲಭದ್ದು ಅಸಾಧ್ಯವಾಗುತ್ತದೆ.

ಮೊದಲು ಬೀಗ ಯಾವುದೆಂದು ಗುರುತಿಸಬೇಕು

‘ಪ್ರವೇಶ ನಿರಾಕರಿಸಲಾಗಿದೆ’ ಎಂಬ ಸಂದೇಶದ ಹಿಂದೆ ಬೇರೆ ಬೇರೆ ಕಾರಣಗಳಿರಬಹುದು. ಕಡತದ ಗುಣಲಕ್ಷಣಗಳಲ್ಲಿ ಎನ್‌ಕ್ರಿಪ್ಶನ್ ಗುರುತು ಇಲ್ಲದಿದ್ದರೆ ಅದು ಬಹುತೇಕ ಅನುಮತಿಯ ಪ್ರಶ್ನೆ. ನಿರ್ವಾಹಕರು ಕೆಲವೇ ನಿಮಿಷಗಳಲ್ಲಿ ಸರಿಪಡಿಸಬಲ್ಲರು.

ಗುರುತು ಇದ್ದರೆ ಅದು ಇಎಫ್‌ಎಸ್. ಆಗ ವಿಂಡೋಸ್‌ನಲ್ಲಿಯೇ ಇರುವ ‘ಸೈಫರ್’ ಎಂಬ ಆಜ್ಞೆಯನ್ನು ‘ಸಿ’ ಆಯ್ಕೆಯೊಂದಿಗೆ ನೀಡಿದರೆ, ಆ ಕಡತವನ್ನು ಯಾರು ಯಾರು ಬಿಡಿಸಬಲ್ಲರು ಎಂಬ ಪಟ್ಟಿ ದೊರೆಯುತ್ತದೆ. ಪ್ರತಿ ಹೆಸರಿನ ಜೊತೆ ಪ್ರಮಾಣಪತ್ರದ ‘ಬೆರಳಚ್ಚು’ ಎಂಬ ಉದ್ದನೆಯ ಸಂಖ್ಯೆಯೂ ಇರುತ್ತದೆ. ಹುಡುಕಬೇಕಾಗಿರುವುದು ಯಾವ ಕೀಲಿಕೈ ಎಂಬುದನ್ನು ಈ ಸಂಖ್ಯೆಯೇ ಹೇಳುತ್ತದೆ. ಅದನ್ನು ಬರೆದಿಟ್ಟುಕೊಳ್ಳುವುದು ಮೊದಲ ಕೆಲಸ.

ಕಡತಗಳ ಹೆಸರಿನ ಕೊನೆಯ ಭಾಗ ಒಮ್ಮೆಲೇ ಬದಲಾಗಿದ್ದು, ಹಣ ಕೇಳುವ ಚೀಟಿಯೊಂದು ಫೋಲ್ಡರಿನಲ್ಲಿ ಕಂಡುಬಂದರೆ ಅದು ಸುಲಿಗೆಕೋರ ತಂತ್ರಾಂಶ, ಅಂದರೆ ರ‍್ಯಾನ್ಸಮ್‌ವೇರ್ ದಾಳಿ. ಅಲ್ಲಿ ಕೀಲಿಕೈ ಇರುವುದು ದುಷ್ಕರ್ಮಿಗಳ ಬಳಿ. ಸೋಂಕು ತಗುಲಿದ ಯಂತ್ರವನ್ನು ತಕ್ಷಣ ಜಾಲದಿಂದ ಬೇರ್ಪಡಿಸಬೇಕು. ಕೇಂದ್ರ ಸರ್ಕಾರದ ಸಿಇಆರ್‌ಟಿ-ಇನ್ ಸಂಸ್ಥೆ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದ ಪ್ರಕಾರ, ಇಂಥ ಘಟನೆ ಗಮನಕ್ಕೆ ಬಂದ 6 ಗಂಟೆಗಳೊಳಗೆ ಆ ಸಂಸ್ಥೆಗೆ ವರದಿ ಮಾಡಬೇಕು.

ಮರಳಿ ಪಡೆಯುವ ದಾರಿಗಳು

ಕೀಲಿಕೈ ತಪ್ಪಿದೆ ಎಂದು ಖಚಿತವಾದ ಕೂಡಲೇ ಮಾಡಬೇಕಾದ ಕೆಲಸ ಏನನ್ನೂ ಅಳಿಸದಿರುವುದು. ಪಾಸ್‌ವರ್ಡ್ ಬದಲಿಸಬಾರದು, ಪ್ರೊಫೈಲ್ ತೆಗೆಯಬಾರದು, ವಿಂಡೋಸ್ ಮರುಸ್ಥಾಪಿಸಬಾರದು, ಹಳೆಯ ಡಿಸ್ಕನ್ನು ಬೇರೆ ಕೆಲಸಕ್ಕೆ ಬಳಸಬಾರದು. ಸಾಧ್ಯವಿದ್ದರೆ ಡಿಸ್ಕಿನ ಪೂರ್ಣ ನಕಲು ತೆಗೆದು, ಮುಂದಿನ ಪ್ರಯತ್ನಗಳನ್ನು ಆ ನಕಲಿನ ಮೇಲೆಯೇ ನಡೆಸುವುದು ಲೇಸು.

ಅನಂತರ ಕೀಲಿಕೈಯ ಶೋಧ. ಬಳಕೆದಾರರು ಎಂದಾದರೂ ಪ್ರಮಾಣಪತ್ರವನ್ನು ಪಿಎಫ್‌ಎಕ್ಸ್ ಎಂಬ ಕಡತದ ರೂಪದಲ್ಲಿ ಪೆನ್‌ಡ್ರೈವ್ ಅಥವಾ ಸಿಡಿಗೆ ಉಳಿಸಿಕೊಂಡಿದ್ದರೇ? ಇದ್ದರೆ, ಅದರ ಪಾಸ್‌ವರ್ಡ್ ಕೊಟ್ಟು ಸರ್ವರ್‌ನಲ್ಲಿ ಅವರ ಪ್ರೊಫೈಲ್‌ಗೆ ಸೇರಿಸಿದರೆ ಕೆಲಸ ಮುಗಿಯಿತು. ಇಲ್ಲದಿದ್ದರೆ ಸರ್ವರ್‌ನ ಹಳೆಯ ಬ್ಯಾಕಪ್‌ಗಳಲ್ಲಿ ಆ ಬಳಕೆದಾರರ ಪ್ರೊಫೈಲ್ ಇದೆಯೇ ಎಂದು ನೋಡಬೇಕು. ಖಾತೆ ಅಳಿಸಿದ್ದರೂ ಪ್ರೊಫೈಲ್ ಫೋಲ್ಡರ್ ಉಳಿದಿರುವ ಸಾಧ್ಯತೆ ಉಂಟು. ವಿಂಡೋಸ್ ಸರ್ವರ್ 2008 ಆರ್2 ಆವೃತ್ತಿಯಿಂದ ಈಚೆಗೆ ಆ್ಯಕ್ಟಿವ್ ಡೈರೆಕ್ಟರಿಯ ರೀಸೈಕಲ್ ಬಿನ್ ಸೌಲಭ್ಯವನ್ನು ಮೊದಲೇ ಚಾಲನೆಗೊಳಿಸಿದ್ದರೆ, ಅಳಿಸಿದ ಡೊಮೇನ್ ಖಾತೆಯನ್ನು ಅದೇ ಗುರುತು ಸಂಖ್ಯೆಯೊಂದಿಗೆ ನಿಗದಿತ ಅವಧಿಯೊಳಗೆ ಮರಳಿ ತರಬಹುದು.

ಮಾರುಕಟ್ಟೆಯಲ್ಲಿ ಇಎಫ್‌ಎಸ್ ಕಡತಗಳನ್ನು ಬಿಡಿಸಿಕೊಡುವ ತಂತ್ರಾಂಶಗಳೂ ಇವೆ. ಅವು ಡಿಸ್ಕ್‌ನಲ್ಲಿ ಉಳಿದಿರುವ ಕೀಲಿಕೈಯ ಕುರುಹುಗಳನ್ನು ಹುಡುಕಿ, ತಿಳಿದಿರುವ ಪಾಸ್‌ವರ್ಡ್‌ನ ನೆರವಿನಿಂದ ಸರಪಳಿಯನ್ನು ಮತ್ತೆ ಜೋಡಿಸುತ್ತವೆ. ಗೂಢಲಿಪಿಯನ್ನೇ ಒಡೆಯುವ ಶಕ್ತಿ ಅವುಗಳಿಗಿಲ್ಲ. 256 ಬಿಟ್‌ಗಳ ಕೀಲಿಕೈಗೆ ಇರಬಹುದಾದ ಸಾಧ್ಯತೆಗಳ ಸಂಖ್ಯೆ 78 ಅಂಕೆಗಳಷ್ಟು ಉದ್ದ. ಅವನ್ನೆಲ್ಲ ಒಂದೊಂದಾಗಿ ಪ್ರಯತ್ನಿಸಿ ನೋಡುವುದು ಇಂದಿನ ಯಾವ ಕಂಪ್ಯೂಟರ್‌ನಿಂದಲೂ ಆಗದ ಮಾತು. ಕುರುಹೂ ಇಲ್ಲದ ಕಡೆ ‘ಖಚಿತವಾಗಿ ತೆರೆದುಕೊಡುತ್ತೇವೆ’ ಎನ್ನುವವರಿಗೆ ಮುಂಗಡ ಹಣ ಕೊಡುವ ಮುನ್ನ ಯೋಚಿಸುವುದು ಒಳಿತು.

ಕೀಲಿಕೈ ಸಿಗದಿದ್ದರೂ ಮಾಹಿತಿ ಬೇರೆ ರೂಪದಲ್ಲಿ ಸಿಗಬಹುದು. ಇಮೇಲ್‌ಗೆ ಲಗತ್ತಿಸಿ ಕಳುಹಿಸಿದ ಪ್ರತಿಗೆ ಇಎಫ್‌ಎಸ್ ಬೀಗ ಇರುವುದಿಲ್ಲ. ಎನ್‌ಟಿಎಫ್‌ಎಸ್ ಅಲ್ಲದ ಪೆನ್‌ಡ್ರೈವ್‌ಗೆ ಬಳಕೆದಾರರು ಹಿಂದೆ ನಕಲು ಮಾಡಿಕೊಂಡ ಪ್ರತಿಗಳೂ ಸಾಮಾನ್ಯವಾಗಿ ಬೀಗವಿಲ್ಲದವು. ಬೀಗ ಹಾಕುವುದಕ್ಕೆ ಮುಂಚಿನ ಬ್ಯಾಕಪ್ ಇರಬಹುದು, ಲೆಕ್ಕಪರಿಶೋಧಕರ ಬಳಿ ಮುದ್ರಿತ ಪ್ರತಿ ಇರಬಹುದು. ಬೀಗ ಹಾಕಿದ್ದು ತೀರಾ ಇತ್ತೀಚೆಗಾದರೆ ಮೂಲ ಮಾಹಿತಿಯ ಅವಶೇಷ ಡಿಸ್ಕಿನ ಖಾಲಿ ಜಾಗದಲ್ಲಿ ಉಳಿದಿರುವ ಸಾಧ್ಯತೆಯೂ ಇದೆ. ದತ್ತಾಂಶ ಮರುಗಳಿಕೆಯ ತಜ್ಞರು ಅದನ್ನು ಹುಡುಕಬಲ್ಲರು. ಡಿಸ್ಕನ್ನು ಬಳಸುತ್ತಾ ಹೋದಂತೆ ಆ ಸಾಧ್ಯತೆ ಕ್ಷೀಣಿಸುತ್ತದೆ.

ರಿಕವರಿ ಏಜೆಂಟ್ ಎಂಬ ಎರಡನೇ ಕೀಲಿಕೈ

ಇಂಥ ಸಂಕಟವನ್ನು ನಿರೀಕ್ಷಿಸಿಯೇ ಇಎಫ್‌ಎಸ್‌ನಲ್ಲಿ ಡೇಟಾ ರಿಕವರಿ ಏಜೆಂಟ್ ಎಂಬ ಏರ್ಪಾಡು ಇದೆ. ಕಡತಕ್ಕೆ ಬೀಗ ಬೀಳುವಾಗ ಅದರ ಕೀಲಿಕೈಯನ್ನು ಎರಡು ಲಕೋಟೆಗಳಲ್ಲಿ ಇಡಲಾಗುತ್ತದೆ. ಒಂದು ಬಳಕೆದಾರರಿಗೆ, ಇನ್ನೊಂದು ಸಂಸ್ಥೆ ನೇಮಿಸಿದ ಈ ಏಜೆಂಟರಿಗೆ. ಬಳಕೆದಾರರ ಕೀಲಿಕೈ ಕಳೆದರೂ ಏಜೆಂಟರ ಕೀಲಿಕೈಯಿಂದ ಕಡತವನ್ನು ಬಿಡಿಸಬಹುದು. ಜಾಲದ ಡ್ರೈವ್ ಆದರೆ ಏಜೆಂಟರ ಕೀಲಿಕೈಯನ್ನು ಕಡತವಿರುವ ಸರ್ವರ್‌ಗೇ ತರಬೇಕು, ಅಥವಾ ಕಡತದ ಬ್ಯಾಕಪ್ಪನ್ನು ಏಜೆಂಟರ ಕಂಪ್ಯೂಟರ್‌ನಲ್ಲಿ ಮರುಸ್ಥಾಪಿಸಬೇಕು.

ವಿಂಡೋಸ್ 2000ದಲ್ಲಿ ಸ್ಥಳೀಯ ನಿರ್ವಾಹಕರೇ ತಾನಾಗಿ ಏಜೆಂಟ್ ಆಗಿರುತ್ತಿದ್ದರು. ಎಕ್ಸ್‌ಪಿಯಿಂದ ಈಚೆಗೆ ಡೊಮೇನ್‌ಗೆ ಸೇರದ ಕಂಪ್ಯೂಟರ್‌ಗಳಲ್ಲಿ ಆ ಏರ್ಪಾಡು ತಾನಾಗಿ ಇರುವುದಿಲ್ಲ. ಬೇಕೆಂದರೆ ಸಂಸ್ಥೆಯೇ ಮಾಡಿಕೊಳ್ಳಬೇಕು.

ಡೊಮೇನ್ ಇರುವ ಕಚೇರಿಗಳಲ್ಲಿ ಡೊಮೇನ್‌ನ ಮೂಲ ನಿರ್ವಾಹಕ ಖಾತೆಯೇ ಆರಂಭಿಕ ಏಜೆಂಟ್. ಅದರ ಖಾಸಗಿ ಕೀಲಿಕೈ ಇರುವುದು ಕಚೇರಿಯಲ್ಲಿ ಮೊಟ್ಟಮೊದಲು ಸ್ಥಾಪಿಸಿದ ಡೊಮೇನ್ ಕಂಟ್ರೋಲರ್‌ನಲ್ಲಿ ಮಾತ್ರ. ಹಲವು ವರ್ಷ ದುಡಿದ ಆ ಯಂತ್ರವನ್ನು ಕೀಲಿಕೈ ಹೊರತೆಗೆಯದೆ ವಿಲೇವಾರಿ ಮಾಡಿದರೆ, ಇಡೀ ಸಂಸ್ಥೆಯ ಎರಡನೇ ಕೀಲಿಕೈ ಸದ್ದಿಲ್ಲದೆ ಇಲ್ಲವಾಗುತ್ತದೆ. ಲಕೋಟೆ ಮಾತ್ರ ಪ್ರತಿ ಕಡತದಲ್ಲಿಯೂ ಹಾಗೆಯೇ ಉಳಿದಿರುತ್ತದೆ!

ಈ ಆರಂಭಿಕ ಏಜೆಂಟ್‌ನ ಪ್ರಮಾಣಪತ್ರದ ಅವಧಿ 3 ವರ್ಷ. ಅವಧಿ ಮುಗಿದ ಬಳಿಕ ಹೊಸ ಕಡತಗಳಿಗೆ ಬೀಗ ಹಾಕಲು ಹೋದರೆ ದೋಷ ಸಂದೇಶ ಬರುತ್ತದೆ. ಆದರೆ ಹಳೆಯ ಕಡತಗಳನ್ನು ಬಿಡಿಸಲು ಅವಧಿ ಮುಗಿದ ಪ್ರಮಾಣಪತ್ರದ ಕೀಲಿಕೈಯೇ ಬೇಕು. ಹೊಸದು ಬಂತೆಂದು ಹಳೆಯದನ್ನು ಎಸೆಯುವಂತಿಲ್ಲ. ಹೊಸ ಏಜೆಂಟರನ್ನು ನೇಮಿಸಿದರೂ ಹಳೆಯ ಕಡತಗಳಿಗೆ ಅವರ ಲಕೋಟೆ ತಾನಾಗಿ ಸೇರುವುದಿಲ್ಲ. ಬಳಕೆದಾರರು ಕಡತವನ್ನು ಮತ್ತೆ ತೆರೆದಾಗ, ಅಥವಾ ಸೈಫರ್ ಆಜ್ಞೆಯ ‘ಯು’ ಆಯ್ಕೆಯನ್ನು ಬಳಸಿದಾಗ ಅದು ಸೇರುತ್ತದೆ.

ಬ್ಯಾಕಪ್ ಇದ್ದರೆ ಸಾಕೆ?

‘ದಿನವೂ ಬ್ಯಾಕಪ್ ತೆಗೆಯುತ್ತೇವೆ, ಚಿಂತೆಯಿಲ್ಲ’ ಎಂಬ ಸಮಾಧಾನ ಇಲ್ಲಿ ಕೆಲಸಕ್ಕೆ ಬಾರದು. ವಿಂಡೋಸ್‌ನ ಬ್ಯಾಕಪ್ ವ್ಯವಸ್ಥೆ ಇಎಫ್‌ಎಸ್ ಕಡತಗಳನ್ನು ಬೀಗ ತೆಗೆಯದೆ, ಇದ್ದಂತೆಯೇ ನಕಲು ಮಾಡಿಕೊಳ್ಳುತ್ತದೆ. ಬ್ಯಾಕಪ್ ಸಿಬ್ಬಂದಿ ಮಾಹಿತಿಯನ್ನು ಓದಬಾರದು ಎಂಬ ಕಾರಣಕ್ಕೆ ಇದು ಸರಿಯಾದ ಕ್ರಮವೇ. ಆದರೆ ಕೀಲಿಕೈ ಇಲ್ಲದ ನೂರು ಬ್ಯಾಕಪ್‌ಗಳೆಂದರೆ ತೆರೆಯದ ನೂರು ತಿಜೋರಿಗಳು. ಕಡತದ ಬ್ಯಾಕಪ್‌ನಷ್ಟೇ ಕೀಲಿಕೈಯ ಬ್ಯಾಕಪ್ಪೂ ಮುಖ್ಯ. ಎರಡನ್ನೂ ಒಂದೇ ಜಾಗದಲ್ಲಿ ಇಡದಿರುವುದು ಇನ್ನೂ ಮುಖ್ಯ.

ಇಎಫ್‌ಎಸ್ ಜೊತೆ ಬಿಟ್‌ಲಾಕರನ್ನು ಗೊಂದಲ ಮಾಡಿಕೊಳ್ಳಬಾರದು. ವಿಂಡೋಸ್ ವಿಸ್ಟಾದೊಂದಿಗೆ ಬಂದ ಬಿಟ್‌ಲಾಕರ್ ಇಡೀ ಡಿಸ್ಕ್‌ಗೆ ಬೀಗ ಹಾಕುತ್ತದೆ, ಬಳಕೆದಾರರಿಗೆ ಪ್ರತ್ಯೇಕ ಕೀಲಿಕೈ ಇರುವುದಿಲ್ಲ. ಅದರ ರಿಕವರಿ ಕೀ 48 ಅಂಕೆಗಳ ಸಂಖ್ಯೆ. ಸರ್ವರ್ ಕಳವಾದರೆ ಎಂಬ ಭಯಕ್ಕೆ ಬಿಟ್‌ಲಾಕರ್ ಉತ್ತರ. ಒಂದೇ ಸರ್ವರ್ ಬಳಸುವ ಇಬ್ಬರು ನೌಕರರ ನಡುವೆ ಗೋಪ್ಯತೆ ಬೇಕಾದರೆ ಇಎಫ್‌ಎಸ್ ಉತ್ತರ. ಅನೇಕ ಕಚೇರಿಗಳಿಗೆ ಮೊದಲನೆಯದು ಮತ್ತು ಸರಿಯಾದ ಅನುಮತಿ ಪಟ್ಟಿ ಇಷ್ಟೇ ಸಾಕಾಗುತ್ತದೆ.

ಕಾನೂನು ಏನು ಹೇಳುತ್ತದೆ?

2013ರ ಕಂಪನಿ ಕಾಯ್ದೆಯ 128ನೇ ವಿಧಿಯ ಪ್ರಕಾರ ಕಂಪನಿಗಳು ತಮ್ಮ ಲೆಕ್ಕಪತ್ರಗಳನ್ನು ಹಿಂದಿನ 8 ಹಣಕಾಸು ವರ್ಷಗಳವರೆಗೆ ಕಾಪಾಡಿಕೊಂಡು ಬರಬೇಕು. ಲೆಕ್ಕಪತ್ರ ಗೂಢಲಿಪಿಯಲ್ಲಿದ್ದರೆ ಅದರ ಕೀಲಿಕೈಯೂ ಅಷ್ಟೇ ವರ್ಷ ಬಾಳಬೇಕಾಗುತ್ತದೆ. ಆ ಅವಧಿಯಲ್ಲಿ ನೌಕರರು ಬದಲಾಗುತ್ತಾರೆ, ಸರ್ವರ್‌ಗಳೂ ಬದಲಾಗುತ್ತವೆ.

ನೌಕರರು ಬೇಕೆಂದೇ ಕಡತಗಳಿಗೆ ಬೀಗ ಹಾಕಿ ಹೋದರೆ ವಿಷಯ ಬೇರೆ. ಅಧಿಕಾರವಿರುವವರಿಗೆ ಕಂಪ್ಯೂಟರ್ ಪ್ರವೇಶ ತಪ್ಪಿಸುವುದು 2000ನೇ ಇಸವಿಯ ಮಾಹಿತಿ ತಂತ್ರಜ್ಞಾನ ಕಾಯ್ದೆಯ 43ನೇ ವಿಧಿಯ ವ್ಯಾಪ್ತಿಗೆ ಬರುತ್ತದೆ. ಅದು ಅಪ್ರಾಮಾಣಿಕ ಅಥವಾ ವಂಚನೆಯ ಉದ್ದೇಶದಿಂದ ಕೂಡಿದ್ದರೆ 66ನೇ ವಿಧಿಯನ್ವಯ 3 ವರ್ಷಗಳವರೆಗಿನ ಸೆರೆವಾಸ, 5 ಲಕ್ಷ ರೂಪಾಯಿವರೆಗಿನ ದಂಡ ಅಥವಾ ಎರಡನ್ನೂ ವಿಧಿಸಲು ಅವಕಾಶವಿದೆ. ಆದರೆ ಮರೆವಿನಿಂದ ಅಥವಾ ಅರಿವಿಲ್ಲದೆ ಆದ ನಷ್ಟವನ್ನು ಅಪರಾಧವೆಂದು ಬಿಂಬಿಸಿ ಮಾಜಿ ನೌಕರರ ಮೇಲೆ ಹರಿಹಾಯುವುದರಿಂದ ಕಡತ ತೆರೆಯುವುದಿಲ್ಲ. ಅವರ ಸಹಕಾರ ಮತ್ತು ಅವರ ಹಳೆಯ ಪಾಸ್‌ವರ್ಡ್‌ನ ನೆನಪೇ ಕೊನೆಯ ಆಸರೆಯಾಗುವ ಸಂದರ್ಭಗಳಿವೆ.

ಕಚೇರಿಗಳು ಪಾಲಿಸಬೇಕಾದ ಕ್ರಮಗಳು

* ಇಎಫ್‌ಎಸ್ ಬೇಕೇ ಬೇಡವೇ ಎಂಬುದನ್ನು ಮೊದಲು ನಿರ್ಧರಿಸಬೇಕು. ಬೇಡವಾದರೆ ಗ್ರೂಪ್ ಪಾಲಿಸಿ ಮೂಲಕ ಸೌಲಭ್ಯವನ್ನೇ ಸ್ಥಗಿತಗೊಳಿಸಬಹುದು. ಯಾರೋ ಒಬ್ಬರು ಕುತೂಹಲಕ್ಕೆ ಹಾಕಿದ ಗುರುತು ಇಡೀ ವಿಭಾಗಕ್ಕೆ ತೊಡಕಾಗುವುದು ಇದರಿಂದ ತಪ್ಪುತ್ತದೆ.

* ಬೇಕೆಂದಾದರೆ ಮೊದಲ ಕಡತಕ್ಕೆ ಬೀಗ ಬೀಳುವ ಮುನ್ನವೇ ರಿಕವರಿ ಏಜೆಂಟರನ್ನು ನೇಮಿಸಬೇಕು. ಅವರ ಖಾಸಗಿ ಕೀಲಿಕೈಯನ್ನು ಎರಡು ಪ್ರತ್ಯೇಕ ಸಾಧನಗಳಿಗೆ ನಕಲು ಮಾಡಿ, ಸರ್ವರ್‌ನಿಂದ ತೆಗೆದು, ಕಚೇರಿಯ ತಿಜೋರಿಯಲ್ಲಿ ಇಡಬೇಕು. ಅದರ ಪಾಸ್‌ವರ್ಡ್ ಬೇರೊಬ್ಬ ಜವಾಬ್ದಾರಿಯುತ ಅಧಿಕಾರಿಯ ಬಳಿ ಮುಚ್ಚಿದ ಲಕೋಟೆಯಲ್ಲಿರಬೇಕು.

* ಬಳಕೆದಾರರು ತಮ್ಮ ಪ್ರಮಾಣಪತ್ರದ ನಕಲನ್ನು ಸೈಫರ್ ಆಜ್ಞೆಯ ‘ಎಕ್ಸ್’ ಆಯ್ಕೆಯ ಮೂಲಕ ತೆಗೆದಿಡಬಹುದು. ದೊಡ್ಡ ಸಂಸ್ಥೆಗಳು ತಮ್ಮದೇ ಪ್ರಮಾಣಪತ್ರ ಸರ್ವರ್ ಸ್ಥಾಪಿಸಿ ಎಲ್ಲರ ಕೀಲಿಕೈಗಳನ್ನು ಅಲ್ಲಿ ಸಂಗ್ರಹಿಸಿಡುವ ಸೌಲಭ್ಯ ವಿಂಡೋಸ್ ಸರ್ವರ್ 2003ರಿಂದ ಲಭ್ಯವಿದೆ.

* ಹಲವರು ಬಳಸುವ ಕಡತಕ್ಕೆ ಒಬ್ಬರ ಕೀಲಿಕೈ ಮಾತ್ರ ಇರಬಾರದು. ಎಕ್ಸ್‌ಪಿಯಿಂದ ಈಚೆಗೆ ಒಂದೇ ಕಡತಕ್ಕೆ ಹಲವು ಬಳಕೆದಾರರನ್ನು ಸೇರಿಸಬಹುದು. ಆದರೆ ಒಬ್ಬೊಬ್ಬರನ್ನಾಗಿ, ಒಂದೊಂದು ಕಡತಕ್ಕೆ ಪ್ರತ್ಯೇಕವಾಗಿ ಸೇರಿಸಬೇಕು. ಗುಂಪನ್ನು ಒಟ್ಟಾಗಿ ಸೇರಿಸಲು ಬರುವುದಿಲ್ಲ.

* ನೌಕರರು ಕೆಲಸ ಬಿಡುವಾಗ ಲ್ಯಾಪ್‌ಟಾಪ್, ಗುರುತಿನ ಚೀಟಿಗಳ ಜೊತೆ ಬೀಗ ಹಾಕಿದ ಕಡತಗಳನ್ನೂ ತೆರೆದು ಒಪ್ಪಿಸುವ ಕ್ರಮ ಇರಬೇಕು. ಖಾತೆಯನ್ನು ತಕ್ಷಣ ಅಳಿಸದೆ, ಕೆಲವು ಕಾಲ ನಿಷ್ಕ್ರಿಯವಾಗಿ ಇಡುವುದು ಸುರಕ್ಷಿತ.

* ಸರ್ವರ್ ಬದಲಿಸುವ ಮುನ್ನ ಬೀಗವಿರುವ ಕಡತಗಳ ಪಟ್ಟಿ ಮಾಡಿ, ಒಂದೋ ಅವುಗಳ ಬೀಗ ತೆಗೆಯಬೇಕು, ಇಲ್ಲವೇ ಕೀಲಿಕೈಗಳನ್ನೂ ಸಾಗಿಸಬೇಕು. ಹೊಸ ಸರ್ವರ್‌ನಲ್ಲಿ ಕಡತಗಳು ತೆರೆಯುವುದನ್ನು ಕಂಡ ಮೇಲಷ್ಟೇ ಹಳೆಯ ಡಿಸ್ಕಿನ ವಿಲೇವಾರಿ.

* ವರ್ಷಕ್ಕೊಮ್ಮೆಯಾದರೂ ಒಂದು ಕಡತವನ್ನು ರಿಕವರಿ ಏಜೆಂಟರ ಕೀಲಿಕೈಯಿಂದ ತೆರೆದು ನೋಡಬೇಕು. ಪರೀಕ್ಷಿಸದ ಕೀಲಿಕೈಯನ್ನು ನೆಚ್ಚಿಕೊಳ್ಳುವಂತಿಲ್ಲ.

ಕಡತ ತೆರೆಯದಿದ್ದ ದಿನ ಕಚೇರಿಯಲ್ಲಿ ಎಲ್ಲರೂ ಕೇಳುವುದು ‘ಇದಕ್ಕೆ ಬೀಗ ಹಾಕಿದವರು ಯಾರು?’ ಎಂದು. ಅದಕ್ಕಿಂತ ಉಪಯುಕ್ತವಾದ ಪ್ರಶ್ನೆ ‘ಎರಡನೇ ಕೀಲಿಕೈ ಎಲ್ಲಿದೆ?’ ಎಂಬುದು. ಅದನ್ನು ಕೇಳಲು ಕಡತ ಕೈತಪ್ಪುವವರೆಗೆ ಕಾಯಬೇಕಾಗಿಲ್ಲ. ಕೇಳಿದಾಗ ಕಚೇರಿಯಲ್ಲಿ ಯಾರಿಗೂ ಉತ್ತರ ತಿಳಿದಿಲ್ಲವಾದರೆ, ಎಲ್ಲ ಕಡತಗಳೂ ಸರಾಗವಾಗಿ ತೆರೆಯುತ್ತಿರುವ ಈ ದಿನವೇ ಅದನ್ನು ಹುಡುಕಿಡಲು ತಕ್ಕ ಸಮಯ.